ಹಿಂದಿನದನ್ನೆಲ್ಲ ಬಿಚ್ಚಿಡಿ

ಕರಡು (ಕಳಿಸುವುದಕ್ಕಲ್ಲ)
ಜೂನ್ ೪

ಪ್ರೀತಿಯ ಬಾಮೈದನಿಗೆ,

ನಿನ್ನಕ್ಕನಿಗೆ ಬೆನ್ನುಮೂಳೆಯ ಆಪರೇಷನ್ ಆಗಿದೆ. ಗಾಬರಿಯಾಗಬೇಡ. ಈಗ ಎದ್ದು ಓಡಾಡುತ್ತಾಳೆ, ನನ್ನನ್ನು ಗದರುತ್ತಾಳೆ, ಅಂದರೆ ಚೆನ್ನಾಗಿದ್ದಾಳೆ. ಕಾರು ಓಡಿಸಬಹುದು, ಆದರೆ ಕುಲುಕಾಟ ಕೂಡದು ಎಂದು ಡಾಕ್ಟರ ಅಪ್ಪಣೆ. ಅವಳ ಕಾರು ಎಂಥದ್ದೆಂದು ನಿನಗೆ ಗೊತ್ತು. ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು ನೆಗೆಯುವ ಆ ಎರಡೇ ಸೀಟಿನ ಮಿಡತೆ. ಅದರಲ್ಲಿ ಕೂತು ಕುಲುಕಬೇಡ ಅನ್ನುವುದು ಬಾಣಲೆಯಲ್ಲಿ ಕೂತು ಬೆವರಬೇಡ ಅಂದ ಹಾಗೆ.

ಹೋದ ವಾರ ಒಂದೇ ಒಂದು ಸಲ ಓಡಿಸಿದಳು. ವಾಪಸು ಬಂದು, ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನಿಂತು, ಕೀಲಿಯನ್ನು ನನ್ನ ಕೈಯಲ್ಲಿಟ್ಟು "ಮಾರಿಬಿಡಿ" ಎಂದಳು. ಬೆಟ್ಟದ ರಸ್ತೆಯ ಓಟಗಳಲ್ಲಿ ದೊಡ್ಡ ದೊಡ್ಡ ಮೀಸೆಗಳಿಗೆ ಹೊಗೆ ಕುಡಿಸಿದವಳು, ಖಾಲಿ ಲೋಟ ಕೊಟ್ಟ ಹಾಗೆ ಕೀಲಿ ಕೊಟ್ಟಳು. ಯಾರೋ ಹಲ್ಲಿನ ಡಾಕ್ಟರು ಕೊಳ್ಳಲು ಒಪ್ಪಿದ್ದಾರಂತೆ. ಮುಂದಿನ ತಿಂಗಳು ಬಂದು ಒಯ್ಯುತ್ತಾರೆ.

ನನಗೆ ಆ ಕಾರೆಂದರೆ ಪ್ರಾಣಭಯ, ಒಪ್ಪುತ್ತೇನೆ. ಆದರೆ ಅದು ಗೇಟು ದಾಟಿದ ದಿನ ಅವಳೊಳಗಿನ ಏನೋ ಒಂದು ಅದರ ಜೊತೆ ಹೊರಟುಹೋಗುತ್ತದೆ. ಆ ಹಲ್ಲಿನ ಡಾಕ್ಟರು ಬರುವುದರೊಳಗೆ ಮಿಡತೆಯನ್ನು ಅವಳ ಬೆನ್ನು ತಾಳುವ ಹಾಗೆ ಮಾಡಿಸಬೇಕು. ಹೇಗೆಂದು, ರೇಸಿನ ಗಾಡಿಗಳ ಮೆಕ್ಯಾನಿಕ್ಕಾದ ನೀನೇ ಹೇಳಬೇಕು.

[ಇದನ್ನು ಕಳಿಸುವಂತಿಲ್ಲ. "ತಮ್ಮನಿಗೆ ಹೇಳಿದ್ರೆ ನನ್ನಾಣೆ" ಎಂದಿದ್ದಾಳೆ. ಹಿಂದೊಮ್ಮೆ ಅವಳಿಗೆ ಜ್ವರ ಬಂದಾಗ ಈ ಮಹಾಶಯ ಕೆಲಸ ಬಿಟ್ಟು ಓಡಿಬಂದು, ಕಿಟಕಿ ತೆರೆಯುವುದಕ್ಕೂ ತನ್ನ ಅನುಮತಿ ಬೇಕೆಂದಿದ್ದ. ಶುದ್ಧಪ್ರತಿ ಬೇರೆ ಬರೆಯತಕ್ಕದ್ದು.]


ಶುದ್ಧಪ್ರತಿ
ಮುದ್ರಣಾಲಯದಿಂದ, ಜೂನ್ ೪

ಚಿರಂಜೀವಿಯೂ ಕಬ್ಬಿಣಂಜೀವಿಯೂ ಆದ ಬಾಮೈದನಿಗೆ,

ಇಲ್ಲಿ ಸಕಲರೂ ಕ್ಷೇಮ. ನಿನ್ನಕ್ಕ ಗುಂಡುಕಲ್ಲಿನ ಹಾಗಿದ್ದಾಳೆ.

ವಿಷಯ ಇಷ್ಟು. ಅವಳಿಗೆ ಮಿಡತೆ ಬೇಸರ ಬಂದಿದೆಯಂತೆ, ಮಾರುತ್ತಾಳಂತೆ. ನನಗೋ, ಇಂಥ ವಯಸ್ಸಿನಲ್ಲಿ, ಇದ್ದಕ್ಕಿದ್ದ ಹಾಗೆ ವೇಗದ ಹುಚ್ಚು ಹತ್ತಿದೆ. ನಗಬೇಡ. ಮೂವತ್ತು ವರ್ಷ ಕೂತಲ್ಲೇ ಕೂತು ಕರಡು ತಿದ್ದಿದವನಿಗೆ ರಕ್ತ ಒಂದಲ್ಲ ಒಂದು ದಿನ ಕುದಿಯಲೇಬೇಕಲ್ಲವೇ? ಅದು ಮಾರಾಟವಾಗುವ ಮೊದಲೇ ಸಸ್ಪೆನ್ಷನ್ ಸುಧಾರಿಸಿ, ಓಡಿಸಿ, ಅವಳ ಮನಸ್ಸು ಬದಲಿಸಬೇಕೆಂದಿದ್ದೇನೆ.

ತೊಡಕು ಏನೆಂದರೆ, ನನಗೆ ಗೊತ್ತಿರುವ ಸಸ್ಪೆನ್ಷನ್ ಒಂದೇ. 'ಧರ್ಮಪ್ರಚಾರ' ಎಂದು ಇರಬೇಕಾದಲ್ಲಿ 'ಚರ್ಮಪ್ರಚಾರ' ಎಂದು ಅಚ್ಚಾಗಲು ಬಿಟ್ಟಾಗ ನಮ್ಮ ಯಜಮಾನರು ದಯಪಾಲಿಸಿದ್ದು. ಬಿಡಿಭಾಗದ ಅಂಗಡಿಯವನನ್ನು ಕೇಳಿದರೆ "ಒಳ್ಳೇ ಸ್ವೇ ಬಾರ್ ಹಾಕ್ಸಿ ಸಾರ್" ಎಂದ. ಬಾರ್ ಎಂದರೆ ನಮ್ಮಂಥವರು ತಲೆ ತಗ್ಗಿಸಿ ದಾಟಿಹೋಗುವ ಜಾಗ ಎಂದುಕೊಂಡಿದ್ದೆ. ಅದು ಕಾರಿನ ಹೊಟ್ಟೆಯ ಕೆಳಗೂ ಇರುತ್ತದಂತೆ. ಯಾವ ದಪ್ಪದ್ದು, ಎಲ್ಲಿಗೆ, ಸ್ಪ್ರಿಂಗ್ ಎಂಥದ್ದು, ಎಲ್ಲ ವಿವರವಾಗಿ ಬರೆ.

ಉತ್ತರ ಮುದ್ರಣಾಲಯದ ವಿಳಾಸಕ್ಕೆ ಬರಲಿ. ಫೋನು ಬೇಡ. ನನ್ನ ಫೋನು ಹಗಲೆಲ್ಲ ನಿನ್ನಕ್ಕನ ಕೈಯಲ್ಲಿ ಪದಬಂಧ ಬಿಡಿಸುತ್ತಿರುತ್ತದೆ.

ಇಂತು ನಿನ್ನ ವೇಗಿ,
ಭಾವ


ಜೂನ್ ೧೫

ಬಾವ,

ಕಾಗದ ಓದಿ, ಲಕೋಟೆ ತಿರುಗಿಸಿ ಕಳಿಸಿದೋರ ವಿಳಾಸ ನೋಡಿದೆ. ನಮ್ಮ ಬಾವನೇನಾ ಇದು ಅಂತ. ಅಕ್ಕ ಗಾಡೀನ ನಲವತ್ತು ದಾಟಿಸಿದ್ರೆ ಬಯದಿಂದ ಕಣ್ಣು ಮುಚ್ಚಿಕೊಂಡು ಮಗ್ಗಿ ಹೇಳ್ತಿದ್ದ ಬಾವ! ತಲೆ ನರೆತ ಮೇಲೆ ಕೆಲವರು ಬಣ್ಣ ಹಚ್ಕೋತಾರೆ, ಕೆಲವರು ಕವಿತೆ ಬರೀತಾರೆ. ನೀವು ಸ್ವೇ ಬಾರ್ ಹಾಕಿಸ್ತೀನಿ ಅಂತಿದೀರ. ಕವಿತೆಗಿಂತ ವಾಸಿ, ಬೇರೆಯೋರಿಗೆ ತೊಂದ್ರೆ ಕಮ್ಮಿ.

ಸರಿ, ಪಾಟ ಕೇಳಿ. ಸ್ವೇ ಬಾರ್ ಅಂದ್ರೆ ಎಡಚಕ್ರಕ್ಕೂ ಬಲಚಕ್ರಕ್ಕೂ ಸೇರಿಸಿ ಕಟ್ಟಿರೋ ಒಂದು ಉಕ್ಕಿನ ಸರಳು. ಗಂಡ ಹೆಂಡ್ತಿಗೆ ಗಂಟು ಹಾಕಿದ ಹಾಗೆ. ಇಬ್ಬರೂ ಒಟ್ಟಿಗೆ ಎದ್ದು ಒಟ್ಟಿಗೆ ಕೂತ್ರೆ ಅದಕ್ಕೇನೂ ಕೆಲಸ ಇಲ್ಲ. ತಿರುವಿನಲ್ಲಿ ಒಬ್ಬರು ಮೇಲೆ ಒಬ್ಬರು ಕೆಳಗೆ ಆದ್ರು ಅನ್ನಿ, ಆಗ ಅದು ಮೈ ತಿರುಚಿಕೊಂಡು "ಏನ್ ನೀನೊಬ್ಬನೇ ಮೇಲೇರೋದು?" ಅಂತ ಜಗ್ಗುತ್ತೆ. ಗಾಡಿ ವಾಲಲ್ಲ. ಸರಳು ದಪ್ಪ ಆದಷ್ಟೂ ಜಗ್ಗಾಟ ಜೋರು. ಮುಂದೆ ಅತಿ ದಪ್ಪ ಆಯ್ತೋ, ನೀವು ಸ್ಟೇರಿಂಗ್ ತಿರುಗಿಸಿದ್ರೂ ಮೂತಿ ನೆಟ್ಟಗೇ ಹೋಗುತ್ತೆ, ಮೊಂಡು ಎತ್ತಿನ ತರ. ಹಿಂದೆ ಅತಿ ದಪ್ಪ ಆಯ್ತೋ, ಬಾಲ ಬೀಸಿ ಬಂದ ದಾರೀನೇ ತೋರಿಸುತ್ತೆ.

ನೀವು ಕೇಳ್ತಿರೋದು ಓಟಕ್ಕೆ ತಾನೆ? ಓಟದೋರಿಗೆ ಹಾಕೋದನ್ನೇ ಹಾಕಿಸಿ. ಸ್ಪ್ರಿಂಗು ಗಿಡ್ಡದು, ಗಟ್ಟಿದು. ಕುಲುಕಾಟ ನುಂಗೋ ಶಾಕು ಬಿಗಿ. ಹಿಂದೆ ಮುಂದೆ ಎರಡು ಕಡೆಗೂ ದಪ್ಪ ಬಾರು. ಮಿಡತೆಗೆ ಮುಂದಿನ ಬಾರ ಜಾಸ್ತಿ, ಅದು ನೆನಪಿರಲಿ. ಸಾಮಾನೆಲ್ಲ ನಾನೇ ಪಾರ್ಸೆಲ್ ಮಾಡಿದೀನಿ. ಬಾವನಿಗೆ ಯೌವನ ಬಂದ ಸಂತೋಷಕ್ಕೆ ನನ್ನ ಉಡುಗೊರೆ ಅಂದ್ಕೊಳ್ಳಿ.

ಅಕ್ಕ ಬಾನುವಾರ ಪೋನ್ ಮಾಡಿದ್ಲು. ಎಲ್ಲ ಚೆನ್ನಾಗಿದೆ ಅಂದ್ಲು. ಮಲಗಿಕೊಂಡು ಮಾತಾಡಿದ ಹಾಗಿತ್ತು. ಕೇಳಿದ್ರೆ ನಿದ್ದೆ ಬರ್ತಿದೆ ಅಂದ್ಲು. ಅಷ್ಟೇ ತಾನೆ?

ನಿಮ್ಮ ಬಾಮೈದ


ಮುದ್ರಣಾಲಯದಿಂದ, ಜುಲೈ ೮

ಬಾಮೈದ ಶಿರೋಮಣಿಗೆ,

ಮೊದಲು ಕರಡಿನ ಮಾತು, ಆಮೇಲೆ ಕಾರಿನದು. ನಿನ್ನ ಕಾಗದದಲ್ಲಿ ಮಹಾಪ್ರಾಣಗಳೆಲ್ಲ ಸಾಮೂಹಿಕವಾಗಿ ಪ್ರಾಣ ಬಿಟ್ಟಿವೆ. ನಾನು ಭಾವ, ಬಾವ ಅಲ್ಲ. ಅದಕ್ಕೆ ಒಂದು ಕೊಂಬು ಹಚ್ಚಿದರೆ ಬಾವು, ಅಂದರೆ ಊತ. ಮನೆಯ ಅಳಿಯನಿಗೆ ಇದು ತಕ್ಕ ಮರ್ಯಾದೆಯಲ್ಲ. ಅದಿರಲಿ, "ಮುಂದಿನ ಬಾರ ಜಾಸ್ತಿ" ಎಂದಿದ್ದೀಯಲ್ಲ, ಅದು ಬಾರೋ ಭಾರವೋ ಎಂದು ನಾನೂ ನಮ್ಮ ಗ್ಯಾರೇಜಿನ ಗಡ್ಡನೂ ಗ್ರೀಸಿನ ಡಬ್ಬದ ಮೇಲೆ ಕೂತು ಪಾಠಾಂತರ ಚರ್ಚಿಸಿದೆವು. ಕೊನೆಗೆ ಭಾರ ಎಂದೇ ಇತ್ಯರ್ಥವಾಯಿತು.

ಪಾರ್ಸೆಲ್ ಬಂತು. ಅಂಚೆಯವನು ಅದನ್ನು ಹೊತ್ತು ತಂದು ಮೇಜಿನ ಮೇಲೆ ಇಳಿಸಿದಾಗ ಇಡೀ ಮುದ್ರಣಾಲಯ ಒಂದು ಸಲ ಎದ್ದು ಕೂತಿತು. ಇಷ್ಟು ಪ್ರೀತಿಯಿಂದ ಕಳಿಸಿದ್ದೀಯ, ನಿನಗೆ ಹೇಗೆ ಕೃತಜ್ಞತೆ ಹೇಳಲಿ? ಹೇಗೂ ಹೇಳುವುದಿಲ್ಲ, ಬಾಮೈದನಿಗೆ ಹೇಳುವ ಪದ್ಧತಿ ಇಲ್ಲ. ನಿನ್ನಕ್ಕನಿಗೆ, ಮಾರುವ ಗಾಡಿಗೆ ಸ್ವಲ್ಪ ಎಣ್ಣೆಗಿಣ್ಣೆ ಹಾಕಿಸುತ್ತೇನೆ ಎಂದು ಹೇಳಿ ಗ್ಯಾರೇಜಿಗೆ ಒಯ್ದೆ. ಗಡ್ಡ ಎಲ್ಲವನ್ನೂ ನೀನು ಹೇಳಿದ ಹಾಗೇ ಜೋಡಿಸಿದ.

ಫಲಿತಾಂಶ: ತಿರುವಿನಲ್ಲಿ ಗಾಡಿ ವಾಲುವುದೇ ಇಲ್ಲ. ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಸೆಟೆದುಕೊಂಡೇ ತಿರುಗುತ್ತದೆ. ನೇರ ರಸ್ತೆಯದು ಬೇರೆ ಕಥೆ. ದಾರಿಯಲ್ಲಿ ಸಿಗರೇಟಿನ ತುಂಡು ಬಿದ್ದಿದ್ದರೆ ಅದು ಯಾವ ಬ್ರಾಂಡೆಂದು ಬೆನ್ನು ಹೇಳುತ್ತದೆ. ಮೊನ್ನೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ತರಕಾರಿ ತರಲು ಹೊರಟೆ. ಮೊದಲ ಹಂಪಿನಲ್ಲಿ ಅವರು ತುಟಿ ಕಚ್ಚಿದರು. ಎರಡನೆಯದರಲ್ಲಿ ಕಣ್ಣು ಮುಚ್ಚಿದರು. ಆಮೇಲೆ "ನಿಲ್ಸಿ" ಎಂದು ಇಳಿದು, ಚೀಲ ಹಿಡಿದು, ನಡೆದೇ ಮನೆಗೆ ಹೊರಟರು. ನಾನು ಮೊದಲ ಗೇರಿನಲ್ಲಿ ಅವರ ಹಿಂದೆ ಹಿಂದೆ, ಮೆರವಣಿಗೆಯ ಕೊನೆಯ ಗಾಡಿಯ ಹಾಗೆ.

ಆದ್ದರಿಂದ ಒಂದು ಸಣ್ಣ ಪ್ರಶ್ನೆ. ವೇಗವೂ ಇರಬೇಕು, ಬೆನ್ನಿಗೂ ಸುದ್ದಿ ಮುಟ್ಟಬಾರದು, ಅಂಥ ವ್ಯವಸ್ಥೆ ಏನಾದರೂ ಇದೆಯೇ? ಬೆನ್ನು ಕೊಂಚ ಸೂಕ್ಷ್ಮವಿರುವ ಸಾಮಾನ್ಯ ಪ್ರಯಾಣಿಕರೊಬ್ಬರು ಕೂತಿದ್ದಾರೆ ಎಂದಿಟ್ಟುಕೋ. ಯಾರಾದರೂ ಆಗಬಹುದು. ಉದಾಹರಣೆಗೆ ಹೇಳಿದೆ.

ಹಲ್ಲಿನ ಡಾಕ್ಟರು ತಿಂಗಳ ಕೊನೆಗೆ ಬರುತ್ತಾರಂತೆ. ಬೇಗ ಬರೆ.

ಭಾವ (ಮಹಾಪ್ರಾಣ ಗಮನಿಸು)


ಜುಲೈ ೧೬

ಭಾವ,

ಭಾ. ಭಾ. ಭಾವ. ಸಾಕಾ?

ನಿಮ್ಮ ಕಾಗದ ಮತ್ತೆ ಮತ್ತೆ ಓದಿದೆ. ಓಟದ ಹುಚ್ಚು ಹತ್ತಿದೋರು ಬೆನ್ನಿನ ಮಾತೇ ಎತ್ತಲ್ಲ. ನನಗೆ ಅನಿಸೋದು, ಎಲ್ಲೋ ಏನೋ ಬಿಗಿ ಹಿಡ್ಕೊಂಡಿದೆ. ಅದಕ್ಕೇ ಒಂದು ಕಡೆ ಬಿದ್ದ ಏಟು ಇನ್ನೊಂದು ಕಡೆ ಎದ್ದು ಕಾಣ್ತಿದೆ. ಹೀಗೆ ಬಿಗಿ ಹಿಡ್ಕೊಂಡೇ ಇದ್ರೆ ಯಾರಿಗೂ ಸುಖ ಇಲ್ಲ ಭಾವ. ದಯವಿಟ್ಟು ಹಿಂದಿನದನ್ನೆಲ್ಲ ಬಿಚ್ಚಿಡಿ. ಪೂರ್ತಿ ಬಿಚ್ಚಿಡಿ, ಅರ್ಧಂಬರ್ಧ ಬೇಡ. ಮುಂದಿನದನ್ನ ಆಮೇಲೆ ನೋಡೋಣ.

ಕಾಯ್ತಿರ್ತೀನಿ.

ಬಾಮೈದ


ಮುದ್ರಣಾಲಯದಿಂದ, ಜುಲೈ ೩೦

ಕಬ್ಬಿಣದ ಅಂತರ್ಯಾಮಿಯಾದ ಬಾಮೈದನಿಗೆ,

ನಿನ್ನ ಜ್ಞಾನಕ್ಕೆ ಅಡ್ಡಬಿದ್ದೆ. ಅಷ್ಟು ದೂರ ಕೂತು, ಗಾಡಿಯನ್ನು ಕಣ್ಣಿನಿಂದಲೂ ನೋಡದೆ, ಕಾಗದದ ಮೇಲಿಂದಲೇ ರೋಗ ಹಿಡಿದೆಯಲ್ಲ!

ನಿನ್ನ ಆಜ್ಞೆ ಕೈಗೆ ಬಂದ ಸಂಜೆಯೇ ಗ್ಯಾರೇಜಿಗೆ ಹೋಗಿ ಗಡ್ಡನಿಗೆ ಗಟ್ಟಿಯಾಗಿ ಓದಿ ಹೇಳಿದೆ: "ಹಿಂದಿನದನ್ನೆಲ್ಲ ಬಿಚ್ಚಿಡಿ. ಪೂರ್ತಿ ಬಿಚ್ಚಿಡಿ."

ಗಡ್ಡ ಸ್ಪ್ಯಾನರಿನಿಂದ ಗಡ್ಡ ಕೆರೆದುಕೊಂಡ. "ಹಿಂದಿನದೆಲ್ಲಾ ಅಂದ್ರೆ? ಚಕ್ರಾನೂನಾ ಸಾರ್?"

"ಪೂರ್ತಿ ಅಂದಿದ್ದಾನೆ."

"ಪೂರ್ತಿ ಬಿಚ್ಚಿದ್ರೆ ನಿಮ್ಮನೆಗೆ ತಳ್ಳುಗಾಡೀಲಿ ಕಳಿಸ್ಬೇಕಾಗ್ತದೆ. ಇನ್ನೊಂದ್ಸಲ ಓದಿ."

'ಬಿಗಿ ಹಿಡ್ಕೊಂಡಿದೆ, ಒಂದು ಕಡೆ ಬಿದ್ದ ಏಟು ಇನ್ನೊಂದು ಕಡೆ' ಎಂಬಲ್ಲಿಗೆ ಬಂದಾಗ ಅವನ ಮುಖ ಬೆಳಗಿತು. "ಬಾರು ಸಾರ್! ಹಿಂದಿನ ಬಾರು! ಎರಡು ಚಕ್ರಕ್ಕೂ ಅದೇ ಅಲ್ವಾ ಬಿಗಿ ಹಿಡಿದಿರೋದು? ನಿಮ್ ಬಾಮೈದ ಭಾರೀ ಮನುಷ್ಯ." ಹಿಂದಿನ ಬಾರು, ಅದರ ಲಿಂಕು, ಹಿಡಿಕೆ, ಕೈಗೆ ಸಿಕ್ಕ ಒಂದೆರಡು ನಟ್ಟು, ಎಲ್ಲ ಕಳಚಿ ಗೋಡೆಯ ಮೊಳೆಗೆ ನೇತುಹಾಕಿದ. ಅರ್ಧಂಬರ್ಧ ಮಾಡಲಿಲ್ಲ.

ಮರುದಿನ ಆ ಸಾಮಾನ್ಯ ಪ್ರಯಾಣಿಕರನ್ನು ಬಹಳ ಪುಸಲಾಯಿಸಿ ಮತ್ತೆ ಕೂರಿಸಿಕೊಂಡೆ. ಹಂಪುಗಳಲ್ಲಿ ಈಗಲೂ ಬಾಗಿಲಿನ ಹಿಡಿ ಹಿಡಿದುಕೊಂಡರು, ಸುಳ್ಳು ಹೇಳಲಾರೆ. ಆದರೆ ಮಾರುಕಟ್ಟೆಯ ಹಿಂದಿನ ರೈಲು ಹಳಿಗಳು ನಿನಗೆ ನೆನಪಿರಬೇಕು. ರಸ್ತೆಗೆ ಓರೆಯಾಗಿ ಬಿದ್ದಿವೆ. ಒಂದು ಚಕ್ರ ಹತ್ತಿದರೆ ಒಂದು ಇಳಿಯುತ್ತದೆ, ಗಾಡಿ ಅಕ್ಕಪಕ್ಕಕ್ಕೆ ಹೊಯ್ದಾಡುತ್ತದೆ. ನಾನು ಆ ಹಳಿಯ ಹತ್ತಿರ ಬಂದಾಗ ಅವರು ನನ್ನ ಚಾಲನೆಯ ಗುಣದೋಷ ವಿಮರ್ಶೆಯಲ್ಲಿ ತೊಡಗಿದ್ದರು. "ಕ್ಲಚ್ಚಿನ ಮೇಲೆ ಕಾಲು ಇಟ್ಕೊಂಡೇ ಇರ್ತೀರಲ್ಲ ಅದೇನು ಹೊಲಿಗೆ ಮಿಷನ್ನಾ ಗೇರ್ ಹಾಕಿ ಅಂದ್ರೆ ಪಂಚಾಂಗ ನೋಡೋರ ಥರ ಯೋಚನೆ ಮಾಡ್ತೀರಿ ಹಿಂದೆ ಬರ್ತಿರೋ ಸೈಕಲ್ಲಿನೋನು ಕೂಡ ಬೆಲ್ಲು ಹೊಡೀತಿದಾನೆ ಅವನಿಗಾದ್ರೂ ದಾರಿ ಬಿಡಿ ಇಂಥೋರಿಗೆ ಲೈಸೆನ್ಸ್ ಕೊಟ್ಟೋನು ಯಾರು ಅಂತ ನನಗೆ ತೋರಿಸಿ"

ಹಳಿ ದಾಟಿಯಾಗಿತ್ತು, ಬಾಮೈದ. ವಾಕ್ಯ ಮುಗಿದಿರಲಿಲ್ಲ. ಜೀವನವಿಡೀ ಅಲ್ಪವಿರಾಮ ಹುಡುಕಿ ಹೊಟ್ಟೆ ಹೊರೆದವನು ನಾನು. ಕಿವಿಗೊಟ್ಟು ಕೇಳಿದೆ. ಆ ಬೈಗುಳದಲ್ಲಿ ಹಳಿಯ ಮೇಲೆ ಒಂದೇ ಒಂದು ಅಲ್ಪವಿರಾಮ ಬೀಳಲಿಲ್ಲ. ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ.

"ಈಗೇನಾಯ್ತು?"

"ಧೂಳು."

"ಗಾಜು ಏರಿಸಿದೆ, ಧೂಳೆಲ್ಲಿಂದ ಬಂತು?"

(ಸಾಮಾನ್ಯ ಪ್ರಯಾಣಿಕರು ಯಾರೆಂದು ನಿನಗೆ ಈಗ ಹೊಳೆದಿದ್ದರೆ ಅದು ನಿನ್ನ ಬುದ್ಧಿ. ನಾನು ಹೇಳಿಲ್ಲ. ಆಣೆ ಭದ್ರವಾಗಿದೆ.)

ಆದರೆ ಪಕ್ಕದಲ್ಲಿ ಕೂತು ಬೈಯುವುದು ಒಂದು, ತಾನೇ ಓಡಿಸುವುದು ಇನ್ನೊಂದು. ಕೀಲಿ ಚಾಚಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಮಾರುವ ಮಾತು ಮಾತೇ ಅಂತೆ. ಪುಣ್ಯಕ್ಕೆ ಹಲ್ಲಿನ ಡಾಕ್ಟರು ಈ ಸಲ ಬರಲಿಲ್ಲ. ಯಾರದೋ ದವಡೆಹಲ್ಲು ವಿಪರೀತ ಕೈಕೊಟ್ಟಿತಂತೆ, ರೋಗಿ ಇವರನ್ನು ಬಿಡಲೇ ಇಲ್ಲವಂತೆ. ಆ ಹಲ್ಲಿಗೆ ನಾನು ಋಣಿ.

ಭಾವ


ಆಗಸ್ಟ್ ೯

ಭಾವ,

ನಿಮ್ಮ ಕಾಗದ ಓದ್ತಾ ಓದ್ತಾ ವರ್ಕ್‌ಷಾಪಿನ ನೆಲದ ಮೇಲೇ ಕೂತುಬಿಟ್ಟೆ. ಅಷ್ಟು ನಗು. ರೇಸಿನ ಹುಡುಗರೆಲ್ಲ ಓಡಿಬಂದು ನೀರು ಕೊಟ್ರು. ಹಳಿ ದಾಟೋ ಜಾಗಕ್ಕೆ ಬಂದಾಗ ನಗು ನಿಂತೋಯ್ತು.

ಮೊದಲು ಒಂದು ಮಾತು. ನಾನು ಬಿಚ್ಚಿಡಿ ಅಂದಿದ್ದು ಬೋಲ್ಟನ್ನಲ್ಲ ಮಾರಾಯ್ರೇ! ಮನಸ್ಸಲ್ಲಿರೋದನ್ನ! ಹಿಂದೆ ಏನು ನಡೀತು ಅದನ್ನ ಹೇಳಿ, ಮುಂದೇನು ಮಾಡೋದು ಆಮೇಲೆ ಯೋಚಿಸೋಣ ಅಂದೆ. ಊರೋರ ತಪ್ಪೆಲ್ಲ ತಿದ್ದೋ ಪಂಡಿತರು ಒಂದು ಸಾಲು ಓದಿ ಗಾಡಿಯ ಹಿಂಭಾಗ ಬಿಚ್ಚಿ ಗೋಡೆಗೆ ನೇತುಹಾಕಿದೀರಲ್ಲ!

ಎರಡನೇ ಮಾತು. ಬಿಚ್ಚಿದ್ದೇ ಸರಿ. ಅಕ್ಕನ ಬೆನ್ನು ಅಂತ ನೀವು ಹೇಳಿದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಹಿಂದೆ ಬಾರು ಇಲ್ದಿದ್ರೆ ಒಂದು ಚಕ್ರ ಗುಂಡಿಗೆ ಬಿದ್ದ ಸುದ್ದಿ ಇನ್ನೊಂದಕ್ಕೆ ಮುಟ್ಟಲ್ಲ, ಸೀಟು ಹೊಯ್ದಾಡಲ್ಲ. ಇನ್ನು ನಾನು ಕಳಿಸಿದ ಗಟ್ಟಿ ಸ್ಪ್ರಿಂಗು ಕಿತ್ತು ಎಸೀರಿ. ಅದು ನನ್ನ ತಪ್ಪಲ್ಲ, ನಿಮ್ಮ ಯೌವನದ ತಪ್ಪು. ಹಳೇ ಎತ್ತರದ ಸ್ಪ್ರಿಂಗು ಗಡ್ಡನ ಹತ್ರ ಇರುತ್ತಲ್ಲ, ಅದನ್ನೇ ವಾಪಸ್ ಹಾಕಿಸಿ. ಮೆತ್ತನೆ ಶಾಕು ಬೇರೆ ಕಳಿಸಿದೀನಿ. ಮುಂದೆ ಮಾತ್ರ ದಪ್ಪ ಬಾರು ಇರಲಿ, ಇಲ್ದಿದ್ರೆ ಗಾಡಿ ದೋಣಿ ಥರ ವಾಲುತ್ತೆ. ತಿರುವಿನಲ್ಲಿ ಮೂತಿ ಸ್ವಲ್ಪ ಹೊರಗೆ ಎಳೆಯುತ್ತೆ, ಆದ್ರೆ ಬಾಲ ಬೀಸಲ್ಲ, ಬಯ ಇಲ್ಲ. (ಭಯ. ಸರಿನಾ?) ಗುಂಡಿ ರಸ್ತೆಗೆ, ನಡು ನೋಯೋರಿಗೆ, ಇದೇ ಸರಿಯಾದ ಜೋಡಣೆ.

ಸಿಟ್ಟು ಬಂತಾ ಅಂತ ಕೇಳಿದ್ರೆ, ಬಂತು. ಬೆನ್ನು ನೋಯಿಸಿಕೊಂಡು ಮಲಗಿದ ಅಕ್ಕ ನನಗೆ ನಿದ್ದೆ ಬರ್ತಿದೆ ಅಂದ್ಲಲ್ಲ. ಆಮೇಲೆ ಯೋಚನೆ ಮಾಡಿದೆ, ನಾನು ಬಂದಿದ್ರೆ ಏನು ಮಾಡ್ತಿದ್ದೆ? ಕೀಲಿ ಕಿತ್ಕೊಂಡು, ಕಂಬಳಿ ಹೊದಿಸಿ, ಮಾರೋದೇ ಸರಿ ಅಂತಿದ್ದೆ. ನೀವು ಕೀಲಿ ಚಾಚ್ಕೊಂಡು ನಿಂತಿದೀರ. ಕಾರಂದ್ರೆ ನಡುಗೋ ಮನುಷ್ಯ, ಅವಳಿಗೋಸ್ಕರ. ಬಾಮೈದನಿಗೆ ಕೃತಜ್ಞತೆ ಹೇಳೋ ಪದ್ಧತಿ ಇಲ್ಲ ಅಂದ್ರಿ. ಭಾವನಿಗೆ ಹೇಳೋ ಪದ್ಧತಿ ಇದೆ. ನಿಮ್ಮ ಉಪಕಾರ ಮರೆಯಲ್ಲ ಭಾವ.

ಈಗ ನನ್ನದನ್ನೂ ಬಿಚ್ಚಿಡ್ತೀನಿ. ಆ ಹಲ್ಲಿನ ಡಾಕ್ಟರು ನನ್ನ ಗಿರಾಕಿ. ಬೇಸರ ಬಂತು, ಮಾರ್ತೀನಿ ಅಂತ ಅಕ್ಕ ಫೋನಲ್ಲಿ ಅಂದಾಗ, ಮಿಡತೆ ಕಂಡೋರ ಪಾಲಾಗೋದು ಬೇಡ ಅಂತ ನಾನೇ ಅವರನ್ನ ಗೊತ್ತುಮಾಡಿ ಕಳಿಸಿದ್ದು. ನಿಮ್ಮ ಸಾಮಾನ್ಯ ಪ್ರಯಾಣಿಕರ ಬೆನ್ನು ಓದಿದ ದಿನದಿಂದ ತಡೆಯೋಕೆ ಶುರುಮಾಡಿದೆ. ಆ ದವಡೆಹಲ್ಲು ನಂದೇ. ಸ್ವಲ್ಪ ಅಲ್ಲಾಡ್ತಿತ್ತು. ಅವರು ಊರು ಬಿಡೋ ದಿನ ಹೋಗಿ, ಸತ್ತೆ ಕೆಟ್ಟೆ ಅಂತ ಕೂಗಾಡಿದೆ. ಉಳಿಸಿಕೊಡಿ ಅಂದೆ, ಮರುದಿನ ಮತ್ತೆ ಹೋದೆ, ಬೇಡ ಕಿತ್ತಾಕಿ ಅಂದೆ, ಕೀಳೋಕೆ ಬಂದಾಗ ಬಾಯಿ ಮುಚ್ಚಿಕೊಂಡೆ. ಹೀಗೇ ಎಳೆದಾಡಿದೆ. ಕೊನೆಗೆ ಅವರೇ ರೋಸಿಹೋಗಿ ಕಿತ್ತು ಕೈಗೆ ಕೊಟ್ರು. ಇನ್ನು ತಡೆಯೋಕೆ ನನ್ನ ಹತ್ರ ಸಡಿಲ ಹಲ್ಲಿಲ್ಲ. ಇಪ್ಪತ್ತನೇ ತಾರೀಕು ಖಂಡಿತ ಬರ್ತಾರೆ.

ಅದಕ್ಕೆ ಮುಂಚೆ ಅಕ್ಕನಿಗೆ ಎಲ್ಲ ಹೇಳಿಬಿಡಿ. ಸುಳ್ಳಿನ ಗಾಡೀಲಿ ಅವಳು ಕೂರಲ್ಲ. ಹಿಂದೆ ಬಾರಿಲ್ಲ ಅಂತ ಮೊದಲ ತಿರುವಿನಲ್ಲೇ ಹಿಡಿದುಬಿಡ್ತಾಳೆ.

ಬೊಕ್ಕುಬಾಯಿಯ ಬಾಮೈದ


ಮನೆಯಿಂದ, ಆಗಸ್ಟ್ ೨೧

ಹಲ್ಲುದಾನಿಯಾದ ಬಾಮೈದನಿಗೆ,

ವಿಳಾಸ ನೋಡಿದೆಯಾ? ಮನೆಯಿಂದಲೇ ಬರೆಯುತ್ತಿದ್ದೇನೆ. ಇನ್ನು ಮುಚ್ಚುಮರೆ ಇಲ್ಲ.

ಸ್ಪ್ರಿಂಗು ಬದಲಾಯಿತು, ಶಾಕು ಕೂತಿತು. ಹತ್ತೊಂಬತ್ತರ ಸಂಜೆ ನಿನ್ನ ಕಾಗದಗಳನ್ನೆಲ್ಲ ಅವಳ ಮುಂದಿಟ್ಟು ತಪ್ಪೊಪ್ಪಿಕೊಂಡೆ. ಒಂದೊಂದೇ ಓದಿದಳು. ಸಾಮಾನ್ಯ ಪ್ರಯಾಣಿಕರು ಬಂದಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಿಚ್ಚಿಡಿ ಎಂಬಲ್ಲಿ ನಗತೊಡಗಿ, ನಡು ಹಿಡಿದುಕೊಂಡು, "ಅಯ್ಯೋ ನಗಿಸ್ಬೇಡ್ರೀ, ನೋಯುತ್ತೆ" ಎಂದು ಗೋಡೆಗೆ ಒರಗಿದಳು. ಈ ಕುಲುಕಾಟಕ್ಕೆ ಯಾವ ಶಾಕು ಹಾಕಿಸಬೇಕೆಂದು ನೀನು ಬರೆದಿಲ್ಲ.

ಹಲ್ಲಿನ ಭಾಗಕ್ಕೆ ಬಂದಾಗ ಮಾತ್ರ ನಗು ಇಳಿಯಿತು. ಕಾಗದ ಮಡಿಸಿದಳು. ಮತ್ತೆ ಬಿಡಿಸಿದಳು.

"ಇವನು ಚಿಕ್ಕೋನಿದ್ದಾಗ ಹಲ್ಲು ಅಲ್ಲಾಡಿದ್ರೆ ಮುಟ್ಟೋಕೂ ಬಿಡ್ತಿರಲಿಲ್ಲ" ಎಂದಳು.

ಕಾಗದವನ್ನು ನನ್ನ ಕಡೆ ತಳ್ಳಿದಳು.

"ಅವನೊಂದು ಹಲ್ಲು ಕೀಳಿಸ್ಕೊಂಡ, ನೀವೊಂದು ಬಾರು ಕೀಳಿಸಿದ್ರಿ. ನಾನೊಬ್ಳು ಕೈ ಕಟ್ಕೊಂಡು ಕೂತೆ. ಚೆನ್ನಾಗಿದೆ."

"ನಿನಗೆ ನೋವಿತ್ತಲ್ಲ."

"ನೋವಲ್ಲ ರೀ. ಹೆದರಿಕೆ." ಅದನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೂ ಆ ಪದಕ್ಕೂ ಹಳೆಯ ಪರಿಚಯ, ಆದರೆ ಅವಳಿಗೆ ಅದನ್ನು ನಾನು ಹೇಗೆ ತಾನೇ ಪರಿಚಯಿಸಲಿ? ಹೋಗಿ ಪಕ್ಕದಲ್ಲಿ ಕೂತೆ.

ನಿನ್ನೆ ಬೆಳಿಗ್ಗೆ ಹಲ್ಲಿನ ಡಾಕ್ಟರು ಬಂದರು. ಸಭ್ಯ ಮನುಷ್ಯ, ಕೈಗವಸು ಕೂಡ ತಂದಿದ್ದರು. ನಾನು ಕೀಲಿ ಹಿಡಿದು ಅವರ ಕಡೆ ಹೆಜ್ಜೆ ಇಟ್ಟೆನೋ ಇಲ್ಲವೋ, ನಿನ್ನಕ್ಕ ಅಡ್ಡಬಂದು ಕೀಲಿಯನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡಳು.

"ಗಿರಾಕಿಗೆ ಗಾಡಿ ಓಡಿಸಿ ತೋರಿಸೋದು ಮಾರೋರ ಕರ್ತವ್ಯ. ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ."

ಎರಡೇ ಸೀಟು. ನಾನು ಗೇಟಿನಲ್ಲಿ ಉಳಿದೆ. ಬೀದಿಯ ಕೊನೆಯಲ್ಲಿ ಅವಳು ಎಡಕ್ಕೆ ತಿರುಗಬೇಕಿತ್ತು, ಮಾರುಕಟ್ಟೆ ಸುತ್ತಿ ಬರಲು. ಬಲಕ್ಕೆ ತಿರುಗಿದಳು. ಬಲಕ್ಕೆ ಬೆಟ್ಟದ ರಸ್ತೆ.

ಎಷ್ಟು ಹೊತ್ತಾಯಿತೋ ಕಾಣೆ. ಅಂಗಳ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಪಕ್ಕದ ಮನೆಯಾಕೆ ಹಣಕಿ "ಏನ್ ಸಾರ್, ಇವತ್ತು ನೀವು?" ಎಂದು ಕೇಳಿದರೆ, ವ್ಯಾಯಾಮ ಎಂದೆ. ಕೊನೆಗೆ ಸದ್ದು ಕೇಳಿತು. ತಿರುವಿನಲ್ಲಿ ಗೇರು ಇಳಿಸಿ ಒಂದು ಸಣ್ಣ ಗುಟುರು ಹಾಕಿಸುತ್ತಾಳಲ್ಲ, ಅದೇ. ಪೊರಕೆ ಅಲ್ಲೇ ಬಿಟ್ಟೆ.

ಡಾಕ್ಟರು ಮೊದಲು ಒಂದು ಕಾಲು ಹೊರಗಿಟ್ಟರು. ಭೂಮಿ ಇದೆಯೆಂದು ಖಾತ್ರಿ ಮಾಡಿಕೊಂಡು ಇನ್ನೊಂದನ್ನು ಇಟ್ಟರು. ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಂದು, "ತಿರುವು ಬಂದಾಗೆಲ್ಲ ಇವರು ಗಾಡಿ ಹತ್ರ ಏನೋ ಕೇಳ್ತಾರೆ ಸ್ವಾಮಿ, ಅದು ಉತ್ತರ ಕೊಡುತ್ತೆ. ಸಂಸಾರದ ಮಧ್ಯೆ ನಾನ್ಯಾಕೆ?" ಎಂದರು. ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ. ಎಡಗಡೆಯ ಇನ್ನೊಂದು ಹಲ್ಲನ್ನೂ ಒಮ್ಮೆ ತೋರಿಸಬೇಕಂತೆ.

ನಿನ್ನಕ್ಕ ಇಳಿಯಲೇ ಇಲ್ಲ. ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು, ಹಣೆಯ ಮೇಲೆ ಬೆವರು, ಕೆನ್ನೆ ಕೆಂಪು. ನಾನು ಕಿಟಕಿಗೆ ಬಗ್ಗಿದೆ. ಬೆನ್ನು ಹೇಗಿದೆ ಎಂದು ಕೇಳಬೇಕೆಂದು ಬಾಯಿ ತೆರೆದರೆ ಅವಳೇ ಶುರುಮಾಡಿದಳು.

"ಮೂತಿ ಸ್ವಲ್ಪ ಜಾಸ್ತೀನೇ ಎಳೀತಿದೆ ರೀ. ಮುಂದಿನ ಬಾರಿನ ಲಿಂಕನ್ನ ಕೊನೇ ತೂತಿಗೆ ಹಾಕಿದ್ರೆ ಒಂಚೂರು ಮೆತ್ತಗಾಗುತ್ತೆ. ಗಡ್ಡನಿಗೆ ನಾಳೆನೇ ಹೇಳ್ಬೇಕು."

ನಾನು ಓದಿದವನು, ಅರ್ಥ ಬಿಡಿಸುವುದು ನನ್ನ ಕಸುಬು (ಒಮ್ಮೊಮ್ಮೆ ಎಡವಟ್ಟಾಗುತ್ತದೆ, ನಿಜ). ಮಾರುವವರು ನಾಳೆಯ ತೂತಿನ ಮಾತು ಆಡುವುದಿಲ್ಲ. ಈ ಸಲ ತಪ್ಪು ಓದಿಲ್ಲ ಎಂದು ನಂಬಿದ್ದೇನೆ.

ಬಾಮೈದ, ಪದ್ಧತಿ ಇಲ್ಲದಿದ್ದರೂ ಹೇಳಿಬಿಡುತ್ತೇನೆ, ಅವಳು ನೋಡುವುದರೊಳಗೆ. ಕೃತಜ್ಞ. ಈ ಪದದಲ್ಲಿ ತಿದ್ದಲು ಏನೂ ಇಲ್ಲ, ನೋಡಿಕೊಂಡಿದ್ದೇನೆ.

ಗೇಟಿನಲ್ಲಿ ಹಾರನ್ನು ಹೊಡೆಯುತ್ತಿದ್ದಾಳೆ, ಮುಗಿಸಬೇಕು. ಈ ಕಾಗದವನ್ನು ಡಬ್ಬಕ್ಕೆ ಹಾಕಿಬರಲು ತಾನೇ ಕರೆದೊಯ್ಯುತ್ತಾಳಂತೆ. ಅಂಚೆಡಬ್ಬ ನಮ್ಮ ಬೀದಿಯಲ್ಲೇ ಇದೆ ಎಂದು ನಾನು ನೆನಪಿಸಿದೆ. ಬೆಟ್ಟದ ಆಚೆ ಇನ್ನೊಂದು ಡಬ್ಬ ಇದೆಯಂತೆ, ಅದರಲ್ಲಿ ಹಾಕಿದ ಕಾಗದ ಬೇಗ ತಲುಪುತ್ತದಂತೆ.

ಭಾವ